ತಾಜಾ ಆತ್ಮ, ಕಿಲೋಗೆ ಹದಿನೆಂಟು

ಗ್ರಿಮ್ಸ್‌ಬಿಯ ಹಡಗುಕಟ್ಟೆಯ ಹಿಂದಿನ ಓಣಿಯಲ್ಲಿ
ಬೆಳಗಿನ ಆರೂವರೆಗೆ, ಕೈಗವಸು ಕಳಚಿ,
ಮೀನಂಗಡಿಯ ಕರಿಹಲಗೆಯ ಮೇಲೆ ದಾಯ್ವಾ ಬರೆದಳು:
ತಾಜಾ ಆತ್ಮ, ಕಿಲೋಗೆ ಹದಿನೆಂಟು ಪೌಂಡು.

ಬರೆಯಬೇಕಿದ್ದದ್ದು ಸೋಲ್,
ಚಪ್ಪಟೆ ಮೀನು, ನಮ್ಮ ನಂಗಿನ ದೂರದ ದಾಯಾದಿ.
ಬರೆದದ್ದೂ ಸೋಲ್.
ಹಾಲಿನವನು ಗಾಡಿ ನಿಲ್ಲಿಸಿ ನಕ್ಕ.
ಪಾದ್ರಿಗಳು ನಿಂತು ಎರಡು ಸಲ ಓದಿ
ಗಂಭೀರವಾಗಿ ಕೇಳಿದರು: ಮುಳ್ಳು ತೆಗೆದು ಕೊಡುತ್ತೀರಾ?

ಮೇವಿಸ್ ಒಳಗಿಂದ ಬಂದಳು, ಏಪ್ರನ್ನಿಗೆ ಕೈ ಒರೆಸುತ್ತ.
ಬೈಯಲಿಲ್ಲ. ಸೀಮೆಸುಣ್ಣ ಇಸಿದುಕೊಂಡಳು.
ಕಿವಿಯನ್ನು ನಂಬಬೇಡವೇ ಹುಡುಗಿ,
ಕಿವಿ ಅವಸರದ ಗಿರಾಕಿ,
ಯಾವ ಮೀನನ್ನೂ ತಿರುವಿ ನೋಡುವುದಿಲ್ಲ.
ಮೀನಿಗೆ, ಬೂಟಿನ ಅಡಿಗೆ, ಒಬ್ಬಂಟಿಗೆ ಒಂದೇ ಕಾಗುಣಿತ.
ಆತ್ಮಕ್ಕೆ ಮಾತ್ರ ನಡುವೆ ಯು ಬೇಕು.

ಅವತ್ತಿನಿಂದ ಶುರು. ಐಸು ಸುರಿಯುತ್ತ ಒಂದು,
ಹುರುಪೆ ಕೆರೆಯುತ್ತ ಒಂದು.

ಪ್ಲೇಸ್ ಅಂದರೆ ಜಾಗ. ನಡುವೆ ಒಂದು ಐ ಸಿಕ್ಕಿಸು,
ಮುಳ್ಳಿನ ಹಾಗೆ. ಈಜಿತು ನೋಡು.
ಕೀ, ಬೀಗದ್ದಾದರೆ ಮೂರೇ ಅಕ್ಷರ;
ಹಡಗು ನಿಲ್ಲುವ ಕಟ್ಟೆಗೆ ನಾಲ್ಕು, ಮೊದಲನೆಯದು ಕ್ಯೂ,
ಗೂಟಕ್ಕೆ ಸುತ್ತಿ ತುದಿ ಬಿಟ್ಟ ಹಗ್ಗ.
ನೀರಲ್ಲಿ ತೇಲುವ ಗುರುತಿನ ಬುರುಡೆಗೆ
ಯು ಎಂಬ ಬಟ್ಟಲು ಬೇಕು,
ಅದನ್ನು ಕಿತ್ತರೆ ಉಳಿಯುವುದು ಹುಡುಗ. ಮುಳುಗುತ್ತಾನೆ.
ಟೈಡ್, ಟೈಡ್: ಅವೇ ನಾಲ್ಕು ಅಕ್ಷರ,
ಕೊನೆಯ ಎರಡು ಜಾಗ ಬದಲಿಸಿಕೊಂಡರೆ
ಕಡಲಿನ ಉಬ್ಬರ ಹೋಗಿ ಗಂಟು ಬಿತ್ತು.

(ಇದನ್ನು ಬರೆಯುತ್ತಿರುವ ನನಗೂ ಪೇಚು.
ನನ್ನ ಲಿಪಿ ಸತ್ಯವಂತೆ, ಕೇಳಿದ್ದನ್ನೇ ಬರೆಯುವವಳು.
ಅವಳಿಗೆ ಮೀನೂ ಸೋಲ್, ಆತ್ಮವೂ ಸೋಲ್,
ಒಂದು ಕೊಂಬು ಹಚ್ಚಿದರೆ ಎರಡೂ ಸೋಲು.
ದಾಯ್ವಾಳ ಕ್ಲೈಪೆಡಾದಲ್ಲೂ ಹೆಚ್ಚುಕಮ್ಮಿ ಹೀಗೇ ಅಂತೆ,
ಸಾಲಿನಲ್ಲಿ ಕೂತು ಬಿಟ್ಟಿ ಉಣ್ಣುವ ಅಕ್ಷರ ಇಲ್ಲ.)

ನವೆಂಬರಿನಲ್ಲಿ ಮೇವಿಸ್ ಅವಳ ಕೈಗೆ
ಚಿಂದಿಬಟ್ಟೆ, ವಿನಿಗರ್ ಕೊಟ್ಟು ಕಟ್ಟೆಗೆ ಕಳಿಸಿದಳು,
ಬೆಂಚಿನ ಹಿತ್ತಾಳೆ ಫಲಕ ತಿಕ್ಕಲು.
ಹಸಿರು ಕಿಲುಬಿನಡಿ ಮೊದಲು ಹೆಸರು ಎದ್ದಿತು,
ವಿಲ್ಫ್ರೆಡ್ ಸ್ಟೇಂಟನ್. ಆಮೇಲೆ ಇಸವಿ, ಎಂಬತ್ತೆರಡು.
ಅದರ ಕೆಳಗೆ: ಎಂದೆಂದಿಗೂ ಮಿಸ್ಟ್.

ದಾಯ್ವಾ ಬೆರಳಿಟ್ಟು ಎಣಿಸಿದಳು. ನಾಲ್ಕು.
ಇಲ್ಲದವನ ಕೊರತೆಗೆ ಆರು ಅಕ್ಷರ ಬೇಕು.
ನಾಲ್ಕಾದರೆ ಬರೀ ಮಂಜು.

ಓಡಿ ಬಂದಳು, ಪರೀಕ್ಷೆ ಗೆದ್ದ ಮುಖ.
ಕೆತ್ತಿದವನು ತಪ್ಪಿದ್ದಾನೆ ಮೇವಿಸ್!

ಮೇವಿಸ್ ಹ್ಯಾಡಕ್ಕಿನ ಹೊಟ್ಟೆ ಸೀಳುತ್ತಿದ್ದಳು.
ಕೆತ್ತಿದವನಲ್ಲ. ಚೀಟಿ ಬರೆದುಕೊಟ್ಟವಳು ನಾನು.
ಅಕ್ಷರಕ್ಕಿಷ್ಟು ಅಂತ ಲೆಕ್ಕ ಹಾಕಿದ, ತುಟಿ ಬಿಚ್ಚಲಿಲ್ಲ.
ಉದ್ಘಾಟನೆಯ ದಿನ ಅವನ ಅಕ್ಕ ಓದಿ
ಕೈಯಿಂದ ಬಾಯಿ ಮುಚ್ಚಿಕೊಂಡಳು.
ಅಳುತ್ತಿದ್ದಾಳೆ ಅಂದುಕೊಂಡೆ.

ನಲ್ಲಿ ಬಿಟ್ಟಳು. ಕರುಳು ತೊಳೆದು ಹೋಯಿತು.

ಆಮೇಲೆ ಡಿಕ್ಷನರಿ ಕೊಂಡೆ. ಒಂದೊಂದೇ ಜೋಡಿ ಕಲಿತೆ, ಸಿಟ್ಟಿನಲ್ಲಿ.

ಮತ್ತೆ, ತಿದ್ದಿಸಲಿಲ್ಲ?

ಮೇವಿಸ್ ಮೀನನ್ನು ಮಗುಚಿ ಹಾಕಿದಳು.
ಅವತ್ತು ಬೆಳಿಗ್ಗೆ ಕಟ್ಟೆಯಿಂದ
ದೀಪದ ಕಂಬ ಕಾಣುತ್ತಿರಲಿಲ್ಲ, ಎಂದಳು.
ಆ ತಕ್ಕಡಿ ಒರೆಸು.

ಈಗ ಹಲಗೆಯ ಮೇಲೆ ತಪ್ಪೇ ಇರುವುದಿಲ್ಲ.
ಆದರೂ ಪಾದ್ರಿಗಳು ಶುಕ್ರವಾರಕ್ಕೊಮ್ಮೆ ಬಾಗಿಲಲ್ಲಿ ಬಗ್ಗಿ
ಇವತ್ತು ಆತ್ಮ ಇದೆಯೇ ಎನ್ನುತ್ತಾರೆ.
ಮುಗಿಯಿತು, ಎನ್ನುತ್ತಾಳೆ ದಾಯ್ವಾ ಚಾಕು ಮಸೆಯುತ್ತ,
ನಾಳೆ ನೋಡಿ, ದೋಣಿ ಬಂದರೆ.